ತಿಪ್ಪೇಶಿ ರಾಕ್ಷಸರ ಮೇಲೆ ಯುದ್ಧಕ್ಕೆ ಹೋದದ್ದು

ದಾವಣಗೆರೆಯ ಹಳೇ ಊರಲ್ಲಿ ಗೌರಕ್ಕ ಅಂತ ಒಬ್ಬಳಿದ್ದಾಳೆ. ಬ್ಲೌಸು ಹೊಲೀತಾಳೆ. ಒಂದು ಸಲ ಅವಳ ಹತ್ರ ಹೊಲಿಸಿಕೊಂಡವರು ಬೇರೆ ಕಡೆ ಹೋಗೋದಿಲ್ಲ, ಅಷ್ಟು ಅಚ್ಚುಕಟ್ಟು. ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ಇಪ್ಪತ್ತೇಳು ವರ್ಷ, ಆರಡಿ ಆಳು. ಕಳ್ಳತನ ಗೊತ್ತಿಲ್ಲ, ಸುಳ್ಳು ಗೊತ್ತಿಲ್ಲ. ಹೇಳಿದ ಕೆಲಸವನ್ನ ಹೇಳಿದ ಹಾಗೇ ಮಾಡ್ತಾನೆ. ಅದೇ ತೊಂದರೆ.

ಔಷಧಿ ಅಂಗಡಿಗೆ ಸೇರಿಸಿದಳು. ‘ಡಾಕ್ಟರ ಚೀಟಿ ಇಲ್ಲದೆ ಯಾರಿಗೂ ಏನೂ ಕೊಡಬೇಡ’ ಅಂದ್ರು ಅಂಗಡಿಯವರು. ಯಾರೋ ಒಬ್ಬರು ತಾವು ಮರೆತು ಹೋಗಿದ್ದ ಛತ್ರಿ ಕೇಳೋಕೆ ಬಂದ್ರು. ‘ಡಾಕ್ಟರ ಚೀಟಿ ತನ್ನಿ, ಕೊಡ್ತೀನಿ’ ಅಂದ ತಿಪ್ಪೇಶಿ. ಅಲ್ಲಿಂದ ಬಿಡಿಸಿ ಕಲ್ಯಾಣ ಮಂಟಪಕ್ಕೆ ಹಾಕಿದಳು. ‘ಯಾರ ಎಲೆಯೂ ಖಾಲಿ ಇರಬಾರದು’ ಅಂದ್ರು ಅಲ್ಲಿನ ಅಡಿಗೆಯವರು. ಉಂಡು ಎದ್ದು ಕೈ ತೊಳೆಯೋಕೆ ಹೋದವರ ಎಲೆಗೂ ಅನ್ನ ಬಡಿಸುತ್ತಾ ಹೋದ. ಇನ್ನೂರು ಎಲೆಗೆ ಬಡಿಸಿದ. ಅಲ್ಲಿಂದಲೂ ಮನೆಗೆ ಬಂದ.

ಗೌರಕ್ಕ ಮಷೀನಿನ ಮುಂದೆ ಕೂತು ಯೋಚನೆ ಮಾಡೋಳು. ಜನ ನಗ್ತಾರೆ, ನಗಲಿ. ಅವಳ ಭಯ ಅದಲ್ಲ. ತಾನಿರೋತನಕ ತಾನು ಹೇಳ್ತಾಳೆ, ಅವನು ಮಾಡ್ತಾನೆ. ತಾನು ಹೋದ ಮೇಲೆ ಹೇಳೋರು ಯಾರು? ಕೆಟ್ಟವನೊಬ್ಬ ಬಂದು ಹೇಳಿದರೆ ಅದನ್ನೂ ಹೇಳಿದ ಹಾಗೇ ಮಾಡಿಬಿಡ್ತಾನಲ್ಲ. ಸೂಜಿಗೆ ದಾರ ಪೋಣಿಸುವಾಗೆಲ್ಲ ಇದೇ ಯೋಚನೆ.

ಅವಳ ಹತ್ರ ಬ್ಲೌಸು ಹೊಲಿಸೋ ಒಬ್ಬಾಕೆಯ ಗಂಡ ಕೊಟ್ರೇಶ. ಮಂಡಕ್ಕಿ ಅಂಗಡಿಯ ಮಹಡಿ ಮೇಲೆ ಅವನದೊಂದು ಸಣ್ಣ ಆಫೀಸು. ಐದಾರು ಜನ ಸೇರಿಕೊಂಡು ಕಂಪ್ಯೂಟರಿನಲ್ಲಿ ಆಡೋ ಆಟ ಮಾಡ್ತಿದ್ರು. ರಾಜರು, ರಾಕ್ಷಸರು, ಏಳು ಕೋಟೆಗಳು ಇರೋ ದೊಡ್ಡ ಆಟ. ಮೂರು ವರ್ಷದಿಂದ ಮಾಡ್ತಿದ್ದಾರೆ, ದೀಪಾವಳಿಗೆ ಹೊರಗೆ ಬರಬೇಕು. ಬರೋ ಮುಂಚೆ ಅದನ್ನ ದಿನವೆಲ್ಲ ಆಡಿ, ಎಲ್ಲಿ ತಪ್ಪಿದೆ ಅಂತ ಬರೆದಿಡೋಕೆ ಒಬ್ಬ ಬೇಕಿತ್ತು.

‘ನಮ್ಮ ತಿಪ್ಪೇಶಿ ಇದಾನೆ ಕೊಟ್ರೇಶಣ್ಣ. ಆದರೆ ಅವನು ಹೇಳಿದ್ದಷ್ಟೇ ಮಾಡೋದು’ ಅಂದಳು ಗೌರಕ್ಕ.

‘ಅಂಥವನೇ ಬೇಕಕ್ಕ. ಜಾಣರನ್ನ ಇಟ್ಟು ನೋಡಿದೆ. ಒಬ್ಬನೂ ಹೇಳಿದ ದಾರೀಲಿ ಹೋಗೋದಿಲ್ಲ’ ಅಂದ ಕೊಟ್ರೇಶ.

ಮೊದಲನೇ ದಿನ ಕೊಟ್ರೇಶ ಅವನನ್ನ ಕೂರಿಸಿಕೊಂಡು ಕೇಳಿದ. ‘ಯಾವ ಕ್ಲಾಸ್ ತಗೋತೀಯ ತಿಪ್ಪೇಶಿ?’

‘ಏಳನೇ ಕ್ಲಾಸ್ ಸರ್. ಎಂಟಕ್ಕೆ ಹೋಗಲಿಲ್ಲ.’

‘ಅದಲ್ಲಪ್ಪ. ಆಟದೊಳಗೆ ನೀನು ಯಾರಾಗ್ತೀಯ ಅಂತ. ನಾಲ್ಕು ಕ್ಲಾಸ್ ಇದಾವೆ. ಯೋಧ, ಬೇಟೆಗಾರ, ಮಾಂತ್ರಿಕ, ವೈದ್ಯ.’

‘ನಾಲ್ಕೇ ಇದ್ರೆ ನಾಲ್ಕನೇದೇ ಕೊಡಿ ಸರ್.’

ನಾಲ್ಕನೇದು ವೈದ್ಯ. ಕೈಯಲ್ಲಿ ಕತ್ತಿ ಇಲ್ಲ, ಹೆಗಲಿಗೆ ಮದ್ದಿನ ಚೀಲ. ಕೊಟ್ರೇಶ ಹೇಳಿದ, ‘ಯುದ್ಧ ನಡೀತಿರ್ತದೆ. ಗಾಯ ಆದವರನ್ನೆಲ್ಲ ವಾಸಿ ಮಾಡ್ತಾ ಹೋಗು.’

ತಿಪ್ಪೇಶಿ ವಾಸಿ ಮಾಡ್ತಾ ಹೋದ. ಸೈನಿಕ ಬಿದ್ದ, ಮದ್ದು ಹಾಕಿದ. ಸೈನಿಕ ಎದ್ದು ರಾಕ್ಷಸನಿಗೆ ಹೊಡೆದ, ರಾಕ್ಷಸ ಬಿದ್ದ. ಅವನಿಗೂ ಮದ್ದು ಹಾಕಿದ. ರಾಕ್ಷಸ ಎದ್ದು ಸೈನಿಕನಿಗೆ ಹೊಡೆದ. ಮತ್ತೆ ಸೈನಿಕನಿಗೆ ಮದ್ದು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಯುದ್ಧ ಸಾಯಂಕಾಲ ನಾಲ್ಕಾದರೂ ನಡೀತಾನೇ ಇತ್ತು. ಗೆದ್ದವರಿಲ್ಲ, ಸೋತವರಿಲ್ಲ, ಸತ್ತವರೂ ಇಲ್ಲ. ತಿಪ್ಪೇಶಿ ಬೆವೆತು ಹೋಗಿದ್ದ.

ಸುದ್ದಿ ಗೌರಕ್ಕನಿಗೆ ಫೋನಿನಲ್ಲಿ ಬಂತು. ಮಗ ಬಂದ ಕೂಡಲೇ ಬೈದಳು. ‘ವೈರಿಗೆ ಯಾರಾದ್ರೂ ಮದ್ದು ಹಾಕ್ತಾರೇನೋ? ಎದುರಿಗೆ ಬಂದೋನು ಯಾರು, ಯಾವೂರೋನು, ಯಾಕೆ ಬಂದ ಅಂತ ಮೊದಲು ವಿಚಾರಿಸ್ಕೋಬೇಕು.’

‘ಸರಿ ಅವ್ವ. ನಾಳೆ ವಿಚಾರಿಸ್ಕೋತೀನಿ.’

ಮಾರನೇ ದಿನ ಕೊಟ್ರೇಶ ಮದ್ದಿನ ಚೀಲ ಬಿಡಿಸಿ ಅವನನ್ನ ಯೋಧನನ್ನಾಗಿ ಮಾಡಿದ. ಕೈಗೆ ಕತ್ತಿ ಬಂತು. ರಾಕ್ಷಸನೂ ಬಂದ. ಆ ಆಟದಲ್ಲಿ ಹೊಡೆಯೋಕೊಂದು ಗುಂಡಿ, ಮಾತಾಡಿಸೋಕೊಂದು ಗುಂಡಿ. ತಿಪ್ಪೇಶಿ ಮಾತಾಡಿಸೋ ಗುಂಡಿ ಒತ್ತಿದ.

‘ನಿನ್ನನ್ನು ಬಿಡುವುದಿಲ್ಲ’ ಅಂದ ರಾಕ್ಷಸ.

‘ಅದಿರಲಿ, ಯಾವೂರು ನಿಮ್ದು?’ ಅಂತ ತಿಪ್ಪೇಶಿ ಬಾಯಲ್ಲೂ ಕೇಳಿ, ಇನ್ನೊಂದು ಸಲ ಒತ್ತಿದ.

‘ನಿನ್ನನ್ನು ಬಿಡುವುದಿಲ್ಲ’ ಅಂದು ರಾಕ್ಷಸ ಗದೆಯಿಂದ ಹೊಡೆದ. ಯೋಧ ಸತ್ತ. ಮತ್ತೆ ಮೊದಲಿಂದ ಶುರು. ಮತ್ತೆ ಯಾವೂರು, ಮತ್ತೆ ಗದೆ. ಹಾಗೇ ನಲವತ್ತೊಂದು ಸಲ ಸತ್ತ. ತಪ್ಪುಗಳನ್ನ ಬರೆದಿಡೋ ಪುಸ್ತಕದಲ್ಲಿ ದುಂಡಗೆ ಬರೆದ: ‘ಹೆಸರು ಹೇಳಲಿಲ್ಲ. ಊರು ಹೇಳಲಿಲ್ಲ. ಯಾಕೆ ಬಿಡುವುದಿಲ್ಲ ಅಂತಲೂ ಹೇಳಲಿಲ್ಲ.’

ಕೊಟ್ರೇಶ ಅದನ್ನ ಓದಿ ತಲೆ ಹಿಡಕೊಂಡು ಕೂತ. ಗೌರಕ್ಕನೂ ಮನೆಯಲ್ಲಿ ತಲೆ ಹಿಡಕೊಂಡಳು. ‘ಅಯ್ಯೋ ನನ್ನಪ್ಪ. ಹೊಡೆಯೋಕೆ ಬಂದೋನ ಹತ್ರ ಏನು ಮಾತು? ಕೈ ಎತ್ತಿದ್ದು ಕಂಡ್ರೆ ಸಾಕು, ನೀನೇ ಮೊದಲು ಹೊಡಿಬೇಕು.’

‘ಸರಿ ಅವ್ವ. ಕೈ ಎತ್ತಿದ್ರೆ ಹೊಡಿತೀನಿ.’

ಮೂರನೇ ದಿನ ಚೆನ್ನಾಗೇ ಶುರುವಾಯ್ತು. ರಾಕ್ಷಸರು ಕೈ ಎತ್ತಿದರು, ತಿಪ್ಪೇಶಿ ಹೊಡೆದ. ಒಬ್ಬರಾದ ಮೇಲೆ ಒಬ್ಬರು ಬಿದ್ದರು. ಕೊಟ್ರೇಶನಿಗೆ ಸಮಾಧಾನ ಆಯ್ತು. ಆಟಕ್ಕೆ ಚಿತ್ರ ಬರೆಯೋ ಶಬೀನಾ ಅನ್ನೋ ಹುಡುಗಿ ಅವತ್ತೇ ರಕ್ತದ ಕೆಲಸ ಮುಗಿಸಿದ್ದಳು. ಆಡೋರ ಇಷ್ಟಕ್ಕೆ ತಕ್ಕ ಹಾಗೆ ಮೂರು ಬಗೆ ಇಟ್ಟಿದ್ದಳು: ರಕ್ತ ಪೂರ್ತಿ, ರಕ್ತ ಕಮ್ಮಿ, ರಕ್ತ ಇಲ್ಲ. ಅವತ್ತು ಪೂರ್ತಿ ಇತ್ತು.

ಹೊಡೀತಾ ಹೊಡೀತಾ ತಿಪ್ಪೇಶಿ ಮೊದಲನೇ ಕೋಟೆ ಬಾಗಿಲಿಗೆ ಬಂದ. ಅಲ್ಲಿ ಮೆಟ್ಟಿಲ ಮೇಲೆ ಒಬ್ಬ ಮುದುಕಿ ನಿಂತಿರ್ತಾಳೆ. ಬಂದವರಿಗೆ ಕೈ ಎತ್ತಿ ಹರಸಿ, ಕೋಟೆಯ ಕೀಲಿ ಕೊಡ್ತಾಳೆ.

ಅಜ್ಜಿ ಕೈ ಎತ್ತಿದಳು. ತಿಪ್ಪೇಶಿ ಹೊಡೆದ.

ರಕ್ತ ಒಂದು ಮೆಟ್ಟಿಲಿಂದ ಇನ್ನೊಂದು ಮೆಟ್ಟಿಲಿಗೆ ಇಳೀತಾ ಬಂತು. ಶಬೀನಾ ಬಹಳ ಚೆನ್ನಾಗಿ ಮಾಡಿದ್ದಳು. ತಿಪ್ಪೇಶಿ ಎರಡೂ ಕೈ ತೊಡೆ ಮೇಲಿಟ್ಟುಕೊಂಡು ಕೂತುಬಿಟ್ಟ. ಕೊಟ್ರೇಶ ಬಂದು ನೋಡಿದ. ಬೈಯ್ಯೋಣ ಅಂದುಕೊಂಡವನು ಇವನ ಮುಖ ನೋಡಿ ಹೆಗಲ ಮೇಲೆ ಕೈ ಇಟ್ಟ.

‘ಹೋಗಲಿ ಬಿಡು. ರಕ್ತ ನೋಡೋಕಾಗದಿದ್ರೆ ಆಫ್ ಮಾಡ್ಕೋ’ ಅಂದ.

ತಿಪ್ಪೇಶಿ ‘ರಕ್ತ ಇಲ್ಲ’ ಅನ್ನೋದನ್ನ ಒತ್ತಿದ. ಮೆಟ್ಟಿಲೆಲ್ಲ ತೊಳೆದ ಹಾಗೆ ಚೊಕ್ಕಟವಾದವು. ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಕೊಟ್ರೇಶನ ಮೇಜಿನ ಹತ್ರ ಹೋದ.

‘ಆಫ್ ಮಾಡಿದೆ ಸರ್. ರಕ್ತ ಹೋಯ್ತು. ಅಜ್ಜಿ ಏಳಲಿಲ್ಲ.’

ಶಬೀನಾ ತನ್ನ ಜಾಗದಿಂದ ತಿರುಗಿ ನೋಡಿದಳು.

ಅವತ್ತು ತಿಪ್ಪೇಶಿ ಮನೆಗೆ ಬಂದು ಕಾಫಿ ಮುಟ್ಟಲಿಲ್ಲ. ಗೌರಕ್ಕ ಕಾಲು ಗಂಟೆ ಕೇಳಿದ ಮೇಲೆ ವಿಷಯ ಹೊರಗೆ ಬಂತು. ಅವಳು ಬೈಯ್ಯೋಕೆ ಬಾಯಿ ತೆರೆದಳು. ಹೊಡಿ ಅಂದವಳು ತಾನೇ ಅನ್ನೋದು ನೆನಪಾಯ್ತು. ಯಾರೋ ಕೆಟ್ಟವನು ಬಂದು ಹೇಳ್ತಾನೆ ಅಂತ ಇಷ್ಟು ವರ್ಷ ಹೆದರಿದ್ದಳಲ್ಲ, ಅವಳು ಹೇಳಿದ ಮಾತೇ ಹೋಗಿ ಆ ಮುದುಕಿಗೆ ತಗುಲಿತ್ತು. ಚಿತ್ರದ ಮುದುಕಿ ಅಂತ ಗೊತ್ತು. ಆದರೂ ಕೈಯಲ್ಲಿದ್ದ ಸೂಜಿ ಕೆಳಗಿಟ್ಟು ಮಗನ ಪಕ್ಕ ಕೂತಳು.

‘ಅದು ಚಿತ್ರ ಕಣೋ’ ಅಂದಳು ಮೆಲ್ಲಗೆ.

‘ಹೌದವ್ವ. ಆದ್ರೆ ಅವಳು ನನಗೆ ಒಳ್ಳೇದಾಗಲಿ ಅಂತ ಕೈ ಎತ್ತಿದ್ದು.’

ಗೌರಕ್ಕ ಅವನ ತಲೆ ಸವರಿದಳು. ಈ ಸಲ ಬಹಳ ಯೋಚನೆ ಮಾಡಿ ಹೇಳಿದಳು. ‘ಇನ್ಮೇಲೆ ವಯಸ್ಸಾದವರು ಯಾರೇ ಎದುರಿಗೆ ಬರಲಿ, ಕೈಯಲ್ಲಿರೋದನ್ನ ಕೆಳಗಿಟ್ಟು ನಮಸ್ಕಾರ ಮಾಡು.’

‘ಸರಿ ಅವ್ವ.’

ಆಮೇಲೆ ಎರಡು ವಾರ ಎಲ್ಲ ಸುಸೂತ್ರವಾಗಿ ನಡೀತು. ಆಟ ಮೊದಲಿಂದ ಶುರುವಾದಾಗ ಅಜ್ಜಿ ಮತ್ತೆ ಮೆಟ್ಟಿಲ ಮೇಲೆ ನಿಂತಿದ್ದಳು, ನಮಸ್ಕಾರ ಮಾಡಿದ, ಕೀಲಿ ಸಿಕ್ತು. ಏಳು ಕೋಟೆಯಲ್ಲಿ ಆರನ್ನ ಗೆದ್ದ. ಗೋಡೆ ಎಲ್ಲಿ ಬಿರುಕು ಬಿಡ್ತದೆ, ಕುದುರೆ ಎಲ್ಲಿ ನೆಲದೊಳಗೆ ಹೂತು ಹೋಗ್ತದೆ, ಎಲ್ಲ ಬರೆದಿಟ್ಟ. ಆ ಆಟದ ದಾರಿ ಅವನಷ್ಟು ಗೊತ್ತಿದ್ದವರು ಆಫೀಸಿನಲ್ಲಿ ಇನ್ನೊಬ್ಬರಿರಲಿಲ್ಲ.

ಒಂದು ಶನಿವಾರ ಮಂಗಳೂರಿಂದ ಇಬ್ಬರು ಬಂದರು. ಒಬ್ಬರು ದೊಡ್ಡ ಸಾಹೇಬರು, ಇನ್ನೊಬ್ಬರು ಅವರ ಜೊತೆಯವರು. ಅವರಿಗೆ ಆಟ ಹಿಡಿಸಿದರೆ ಊರೂರಿಗೆ ಹಂಚೋದು ಅವರೇ. ಹಿಡಿಸದಿದ್ರೆ ಮೂರು ವರ್ಷದ ಕೆಲಸ ಅಲ್ಲಿಗೇ ನಿಂತ ಹಾಗೆ. ಟೀ ಬಂತು. ಅವರ ಮುಂದೆ ಆಡೋಕೆ ತಿಪ್ಪೇಶಿಯನ್ನೇ ಕೂರಿಸಿದರು. ಏಳನೇ ಕೋಟೆ, ಕೊನೇ ಯುದ್ಧ, ರಕ್ತ ಪೂರ್ತಿ.

ಬಾಗಿಲು ತೆರೀತು. ರಾಕ್ಷಸರ ರಾಜ ಎದ್ದು ಬಂದ. ಸಾವಿರ ವರ್ಷ ವಯಸ್ಸು. ಹಾಲಿನಂಥ ಬಿಳೀ ಗಡ್ಡ ಮೊಣಕಾಲಿನ ತನಕ.

ತಿಪ್ಪೇಶಿ ಕತ್ತಿ ಕೆಳಗಿಟ್ಟ. ಯೋಧನನ್ನ ಮಂಡಿಯೂರಿಸಿದ. ತಾನೂ ಕುರ್ಚಿಯಿಂದ ಎದ್ದು ಕೈ ಮುಗಿದ.

ಕೊಟ್ರೇಶನಿಗೆ ನೆಲ ಬಾಯಿಬಿಟ್ಟು ತನ್ನನ್ನ ನುಂಗಲಿ ಅನಿಸಿತು. ಆದರೆ ರಾಕ್ಷಸರ ರಾಜ ಹೊಡೆಯಲಿಲ್ಲ. ಅವನ ಮುಂದೆ ಕತ್ತಿ ಕೆಳಗಿಡೋರು ಇರ್ತಾರೆ ಅಂತ ಆಟ ಮಾಡಿದವರು ಯಾರೂ ಯೋಚನೆ ಮಾಡಿರಲಿಲ್ಲ. ಆಗ ಅವನೇನು ಮಾಡಬೇಕು ಅನ್ನೋದನ್ನ ಅವನಿಗೆ ಕಲಿಸಿರಲಿಲ್ಲ. ಗದೆ ಹಿಡಕೊಂಡು ಸುಮ್ಮನೆ ನಿಂತ. ಉಸಿರಾಡೋದೊಂದು ಶಬೀನಾ ಕಲಿಸಿದ್ದಳು, ಎದೆ ಏರೋದು ಇಳಿಯೋದು ಕಾಣ್ತಿತ್ತು. ಒಂದು ನಿಮಿಷ ಆಯ್ತು, ಎರಡು ನಿಮಿಷ ಆಯ್ತು.

‘ಮುಂದೇನಾಗ್ತದೆ?’ ಕೇಳಿದರು ದೊಡ್ಡ ಸಾಹೇಬರು.

‘ಮುಂದಕ್ಕೆ ನಾವು ಮಾಡಿಲ್ಲ ಸರ್’ ಅಂದ ಕೊಟ್ರೇಶ.

‘ಮಾಡಿ. ಹೊಡೆದು ಗೆಲ್ಲೋದು ಎಷ್ಟೋ ನೋಡಿದೀನಿ. ಈ ಮುದುಕ ಈಗ ಏನು ಮಾಡ್ತಾನೆ ಅಂತ ನೋಡಬೇಕು ಅನ್ನಿಸ್ತಿದೆ. ಮಾಡಿ ಕಳಿಸಿ, ನಾವು ತಗೋತೀವಿ.’

ನಾಲ್ಕು ಗಂಟೆಗೆ ಅವರು ಎದ್ದರು. ಹೋಗುವಾಗ ತಿಪ್ಪೇಶಿಯ ಕೈ ಕುಲುಕಿ ‘ಚೆನ್ನಾಗಿತ್ತಪ್ಪ’ ಅಂದರು.

ಗೌರಕ್ಕ ಬಾಗಿಲಲ್ಲಿ ಕಾಯ್ತಾ ನಿಂತಿದ್ದಳು. ‘ಚೆನ್ನಾಗಿತ್ತಂತೆ ಅವ್ವ’ ಅಂದ ಮಗ, ಸಾಹೇಬರು ಕೈ ಕುಲುಕಿದ್ದನ್ನೂ ಹೇಳಿದ. ಅವನು ಹುಟ್ಟಿದಾಗಿನಿಂದ ಅವಳಿಗೆ ಬೈದು ಬುದ್ಧಿ ಹೇಳಿಯೇ ಗೊತ್ತು, ಹೊಗಳಿ ಗೊತ್ತಿಲ್ಲ. ಕಣ್ಣೊರೆಸಿಕೊಂಡು ಅಂದಳು, ‘ನಾಳೆನೂ ಇವತ್ತಿನ ಹಾಗೇ ಮಾಡಪ್ಪ.’

‘ಸರಿ ಅವ್ವ.’

ಮಾರನೇ ದಿನ ಭಾನುವಾರ. ಗೌರಕ್ಕ ಹೂ ತರೋಕೆ ಹೋಗಿ ಬರೋಷ್ಟರಲ್ಲಿ ಮಗ ಇಲ್ಲ. ಮಧ್ಯಾಹ್ನವಾದರೂ ಬರಲಿಲ್ಲ. ಮಂಡಕ್ಕಿ ಅಂಗಡಿ ಕಡೆ ಹುಡುಕಿಕೊಂಡು ಹೋದಳು. ಮಹಡಿಯ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ತಿಪ್ಪೇಶಿ, ನಿನ್ನೆಯದೇ ಅಂಗಿ ತೊಟ್ಟುಕೊಂಡು ಕೂತಿದ್ದಾನೆ. ಮುಂದೆ ನಿನ್ನೆಯ ಸಾಹೇಬರಿಬ್ಬರಿಗೂ ತನಗೂ ಅಂತ ಮೂರು ಲೋಟ ಟೀ, ಆರಿ ಕೆನೆ ಕಟ್ಟಿದೆ. ಬೀಗ ಹಾಕಿದ ಬಾಗಿಲಿಗೆ ಆಗಾಗ ಕೈ ಮುಗೀತಾನೆ.

ಗೌರಕ್ಕನಿಗೆ ಸಿಟ್ಟು ಬಂತು, ಬಂದ ಹಾಗೇ ಇಳೀತು. ‘ಮನೆಗೆ ನಡಿಯೋ’ ಅಂದಳು.

‘ನಾಲ್ಕಾಗಲಿ ಅವ್ವ. ನಿನ್ನೆ ಅವರು ನಾಲ್ಕಕ್ಕೆ ಎದ್ದಿದ್ದು.’

ಅವಳೂ ಪಕ್ಕದಲ್ಲಿ ಕೂತಳು. ಆರಿದ ಟೀ ಒಂದು ಲೋಟ ಕುಡಿದಳು. ನಾಲ್ಕಾಯ್ತು. ತಿಪ್ಪೇಶಿ ಕೈ ಮುಂದೆ ಚಾಚಿದ. ಅವಳಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಆಮೇಲೆ ಬೀದಿಯ ಆ ಕಡೆ ಈ ಕಡೆ ನೋಡಿ, ಹೆತ್ತ ಮಗನ ಕೈ ಕುಲುಕಿ ‘ಚೆನ್ನಾಗಿತ್ತಪ್ಪ’ ಅಂದಳು.

‘ಈಗ ನೀನು ಮುಂದೆ ಹೋಗವ್ವ. ನಿನ್ನೆ ನಾನು ಬರುವಾಗ ನೀನು ಬಾಗಿಲಲ್ಲಿ ನಿಂತಿದ್ದೆ.’

ಗೌರಕ್ಕ ಸೆರಗು ಸಿಕ್ಕಿಸಿಕೊಂಡು ದಾಪುಗಾಲು ಹಾಕಿದಳು. ಏದುಸಿರು ಬಿಡ್ತಾ ಬಂದು ತನ್ನ ಮನೆ ಬಾಗಿಲಲ್ಲಿ ತಾನೇ ನಿಂತು ಕಾದಳು. ಹಿಂದಿನಿಂದ ತಿಪ್ಪೇಶಿ ನಿಧಾನಕ್ಕೆ ಬಂದ.

‘ಚೆನ್ನಾಗಿತ್ತಂತೆ ಅವ್ವ’ ಅಂದ.

‘ಸಂತೋಷ ಕಣಪ್ಪ, ಒಳಗೆ ಬಾ’ ಅಂದಳು.

ತಿಪ್ಪೇಶಿ ಹೊಸಿಲ ಹೊರಗೇ ನಿಂತ. ‘ನಿನ್ನೆ ನೀನು ಇನ್ನೊಂದು ಮಾತು ಹೇಳಿದ್ದೆ ಅವ್ವ, ನಾಳೆ ಹೇಗೆ ಮಾಡಬೇಕು ಅಂತ’ ಅಂತ ಅವಳ ಬಾಯಿ ನೋಡ್ತಾ ಕಾದ.

ಗೌರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.