ಗಂಜಿ ಕೇಳುವ ದನಿ

ನಾಟಿ ವೈದ್ಯ ಪಂಡಿತರು ತೀರಿಕೊಂಡ ಮೇಲೆ ಅವರು ಔಷಧಿ ಕುಟ್ಟುತ್ತಿದ್ದ ಕಲ್ಬತ್ತು ಸರ್ಕಾರಿ ಆಸ್ಪತ್ರೆಯ ಔಷಧಿ ಕೋಣೆಗೆ ಬಂದು ಮೂಲೆ ಹಿಡಿದಿತ್ತು. ಎದುರಿನ ಬೀರುವಿಗೆ ಹೊಸ ಬೀಗ. ಒಳಗಿದ್ದುದು, ನೋವು ತಗ್ಗಿಸಲು ರೋಗಿಗಳಿಗೆ ಹಂಚಲೆಂದು ಸರ್ಕಾರವೇ ಒಪ್ಪಿ ಕಳಿಸಿದ ಗಾಂಜಾ ಔಷಧಿ. ಪಕ್ಕದ ವಾರ್ಡಿನಲ್ಲಿ ಕ್ಯಾನ್ಸರಿನ ಓಬಕ್ಕ ನರಳುತ್ತಿದ್ದಳು.

“ಬೀಗಪ್ಪ, ಬಾಯಿ ಬಿಡು. ಅವಳು ಅನ್ನ ಮುಟ್ಟದೆ ವಾರವಾಯಿತು,” ಎಂದಿತು ಕಲ್ಬತ್ತು.

“ಆಗದು ಅಜ್ಜ. ನನಗೆ ಎರಡು ಕೀಲಿ, ಎರಡೂ ಕೂಡಿದರೆ ಮಾತ್ರ ಬಾಯಿ ಬಿಡುತ್ತೇನೆ. ಒಂದು ಡಾಕ್ಟರ ಬಳಿ ಇದೆ, ಇನ್ನೊಂದು ಸಾಹೇಬರ ಬಳಿ. ಸಾಹೇಬರು ರಾಜಧಾನಿಯಿಂದ ಬರಬೇಕು. ಔಷಧಿ ಕಳ್ಳರ ಪಾಲಾದರೆ ಹೊಣೆ ಯಾರು?”

ಕಲ್ಬತ್ತಿಗೆ ಪಂಡಿತರ ಜಗಲಿ ನೆನಪಾಯಿತು. ಗಾಂಜಾ ನಶೆಯ ಮೋಜಿಗೆ ಬಂದವನನ್ನು ಅವರು ಕೋಲು ತೋರಿಸಿ ಓಡಿಸುತ್ತಿದ್ದರು. ನರಳುವ ದನಿ ಕೇಳಿದರೆ ಮಾತ್ರ ಉಣ್ಣುವ ಎಲೆ ಬಿಟ್ಟೆದ್ದು ಭಂಗಿ ಸೊಪ್ಪು ಕುಟ್ಟಲು ಕೂರುತ್ತಿದ್ದರು. ಆ ಹಸಿರು ಘಮ ಕಲ್ಬತ್ತಿನ ಒಡಲಲ್ಲಿ ಇನ್ನೂ ಉಳಿದಿತ್ತು.

ಸಂಜೆ ಹೊತ್ತಿಗೆ ಓಬಕ್ಕನ ನರಳಾಟ ನಿಂತಿತು.

“ನೋಡಿದೆಯಾ ಅಜ್ಜ? ನಾನು ಬಾಯಿ ಬಿಡದೆಯೇ ನೋವು ಹೋಯಿತು,” ಎಂದಿತು ಬೀಗ.

“ನಮ್ಮ ಕಾಲದಲ್ಲೂ ನರಳಾಟ ಹೀಗೇ ನಿಲ್ಲುತ್ತಿತ್ತಪ್ಪ. ನಿಂತ ಸ್ವಲ್ಪ ಹೊತ್ತಿಗೆ ರೋಗಿ ಒಂದು ಬಟ್ಟಲು ಗಂಜಿ ಕೇಳುತ್ತಿದ್ದ.”

ಎರಡೂ ಕಿವಿಗೊಟ್ಟು ಕಾದವು. ವಾರ್ಡಿನಿಂದ ಯಾರೂ ಗಂಜಿ ಕೇಳಲಿಲ್ಲ.