ಮೌನಪ್ಪ ಪತ್ತಾರನ ಜಮಖಾನ

ನಮ್ಮಜ್ಜಿ ಇನ್ನೂ ಹುಟ್ಟದಿದ್ದ ಕಾಲ. ಹೊಳೆದಂಡೆಯ ಒಂದು ಊರಿನಲ್ಲಿ ಮೌನಪ್ಪ ಪತ್ತಾರ ಅಂತ ಒಬ್ಬನಿದ್ದ. ಬೆಳ್ಳಿಬಂಗಾರದ ಕೆಲಸ ಅವನದು. ಆದರೆ ಬೀಗ, ಗಡಿಯಾರ, ಹಾಡುವ ಪೆಟ್ಟಿಗೆ, ಏನು ಕೆಟ್ಟರೂ ಅವನ ಮನೆಗೇ ಬರುತ್ತಿತ್ತು. ಅವನು ಕೆಮ್ಮಿದರೆ ಸಾಕು, ನಿಂತ ಗಡಿಯಾರ ನಡೆಯುತ್ತಿತ್ತು ಅಂತಾರೆ. ಅದನ್ನು ನಾನು ನಂಬುವುದಿಲ್ಲ. ಉಳಿದದ್ದೆಲ್ಲ ಖರೆ.

ಆ ಊರಲ್ಲಿ ಹಾಡುವ ಪೆಟ್ಟಿಗೆ ಎರಡಿದ್ದವು. ಹೊಳೆಯ ಈಚೆ ಬಂಗಲೆಯಲ್ಲಿ ಇಂಗ್ಲೆಂಡಿನ ದೊರೆಯದು ಒಂದು. ಅವನು ಅದಕ್ಕೆ ಗ್ರಾಮೋಫೋನು ಅನ್ನುತ್ತಿದ್ದ. ಆಚೆ ದವಾಖಾನೆಯಲ್ಲಿ ಅಮೆರಿಕದ ಪಾದ್ರಿಯದು ಇನ್ನೊಂದು. ಅವನು ಫೋನೋಗ್ರಾಫು ಅನ್ನುತ್ತಿದ್ದ. ಇಬ್ಬರದೂ ಇಂಗ್ಲಿಷೇ, ಹೆಸರು ಮಾತ್ರ ಬೇರೆ. ಅವರಿಬ್ಬರೂ ಇದಕ್ಕೆ ನಕ್ಕು ಸುಮ್ಮನಾಗುತ್ತಿದ್ದರಂತೆ. ಬಡಿದಾಡಿದವರು ನಮ್ಮವರು! ದೊರೆಯ ಬಟ್ಲರ್ ಇಮಾಮಸಾಬ, ಪಾದ್ರಿಯ ಕಂಪೌಂಡರ್ ಯೋಹಾನಪ್ಪ ಸಂತೆಯಲ್ಲಿ ಎದುರಾದರೆ, ತಂತಮ್ಮ ಯಜಮಾನ ಅನ್ನುವ ಹೆಸರೇ ಸರಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದರಂತೆ. ಊರೂ ಎರಡು ಹೋಳಾಯಿತು.

ಪಾದ್ರಿಯ ಪೆಟ್ಟಿಗೆಗೆ ಒಂದು ಗುಣವಿತ್ತು. ಮೇಣದ ಉರುಳೆಯ ಮೇಲೆ ನಮ್ಮ ದನಿಯನ್ನೇ ಹಿಡಿದಿಡುತ್ತಿತ್ತು. ಸೂಲಗಿತ್ತಿ ಬಾಳವ್ವನ ಜೋಗುಳವನ್ನು ಹಾಗೆ ಹಿಡಿದಿಟ್ಟಿದ್ದರು. ಬಾಳವ್ವ ತೀರಿಹೋದಳು. ಅವಳ ಮಗಳು ನಿಂಬೆವ್ವ ಎರಡು ಕೂಸು ಕಳಕೊಂಡವಳು, ಮೂರನೆಯದಕ್ಕೆ ದಿನ ತುಂಬಿದ್ದವು. ಪಾಪ, ಹೆದರಿ ಊಟ ಬಿಟ್ಟಳು. ಅವ್ವನ ದನಿ ಒಮ್ಮೆ ಕೇಳಿಸಿರಿ, ನನಗೆ ಧೈರ್ಯ ಬರುತ್ತದೆ ಅಂತ ಅತ್ತಳು. ಪೆಟ್ಟಿಗೆಯ ಸ್ಪ್ರಿಂಗ್ ನೋಡಿದರೆ ಮುರಿದು ಕೂತಿತ್ತು. ಹೊಸದು ಹಡಗಿನಲ್ಲಿ ಬರಲು ಆರು ತಿಂಗಳು ಬೇಕು.

ದೊರೆಯ ಪೆಟ್ಟಿಗೆಯ ಸ್ಪ್ರಿಂಗ್ ಒಂದು ಹಾಡಿನಷ್ಟು ಹೊತ್ತು ಎರವಲು ಸಿಕ್ಕರೆ ಸಾಕು ಅಂದ ಮೌನಪ್ಪ. ದೊರೆ, ಪಾದ್ರಿ ಇಬ್ಬರೂ ಊರಲ್ಲಿರಲಿಲ್ಲ. ಗ್ರಾಮೋಫೋನಿನ ಕರುಳು ಫೋನೋಗ್ರಾಫಿನ ಹೊಟ್ಟೆಗೆ ಹಾಕಲು ಬಿಡುವುದಿಲ್ಲ ಅಂದ ಇಮಾಮಸಾಬ. ಆ ಕರುಳು ನಮ್ಮ ಪೆಟ್ಟಿಗೆಗೆ ಹಾಕಿದರೆ ನಾನೂ ಸುಮ್ಮನಿರುವುದಿಲ್ಲ ಅಂದ ಯೋಹಾನಪ್ಪ.

"ಎರಡೂ ತರ್ರಿ. ಜಗಳ ಆಮ್ಯಾಲೆ ಆಡ್ರಿ," ಅಂದ ಮೌನಪ್ಪ.

ಜಮಖಾನ ಹಾಸಿದ. ಎರಡನ್ನೂ ಬಿಚ್ಚಿದ. ಗಾಲಿ, ಹಲ್ಲುಚಕ್ರ, ತಿರುಪು ಎಲ್ಲ ಸೇರಿಸಿ ಒಂದೇ ರಾಶಿ ಮಾಡಿದ.

"ಇದರಾಗ ಗ್ರಾಮೋಫೋನು ಎಲ್ಲೈತಿ ತಕ್ಕೊಳ್ರಿ, ಸಾಬ್ರ. ಫೋನೋಗ್ರಾಫು ಎಲ್ಲೈತಿ ನೀವು ತಕ್ಕೊಳ್ರಿ, ಯೋಹಾನಪ್ಪ. ಉಳಿದದ್ದಕ್ಕ ನಾ ಕೈ ಹಚ್ಚತೀನಿ."

ಇಬ್ಬರೂ ಕೂತರು, ಹುಡುಕಿದರು. ಕೊನೆಗೆ ಇಬ್ಬರೂ ಒಂದೇ ಹಿತ್ತಾಳೆ ಗಾಲಿ ಹಿಡಿದು ಜಗ್ಗಾಡಿದರು. ಬಾಗಿಲಲ್ಲಿ ನಿಂಬೆವ್ವ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಅವಳನ್ನು ನೋಡಿ ಇಮಾಮಸಾಬನ ಕೈ ಸಡಿಲಾಯಿತು.

"ನಮ್ಮದು ಯಾವುದೋ ನನಗ ತಿಳೀವಲ್ದು. ಕೂಡಿಸು ಮೌನಪ್ಪ," ಅಂದನಂತೆ. ಯೋಹಾನಪ್ಪನೂ ಗಾಲಿಯನ್ನು ರಾಶಿಗೆ ಹಾಕಿದ.

ಮೌನಪ್ಪ ಕೂಡಿಸಿದ. ಬಾಳವ್ವ ಹಾಡಿದಳು. ಆಗ ಹೊಳೆಯೇ ಹರಿಯುವುದನ್ನು ನಿಲ್ಲಿಸಿತ್ತು ಅಂತಾರೆ. ಹೊಳೆಯ ಸುದ್ದಿ ನನಗೆ ಗೊತ್ತಿಲ್ಲ. ಹಾಡು ಮುಗಿದ ಮೇಲೆ ನಿಂಬೆವ್ವ ಕಣ್ಣೊರೆಸಿಕೊಂಡು, "ರೊಟ್ಟಿ ಐತೇನು?" ಅಂತ ಕೇಳಿದ್ದು ಮಾತ್ರ ಗೊತ್ತು. ಮೂರನೆಯ ದಿನ ಹೆಣ್ಣು ಹೆತ್ತಳು. ಆ ಕೂಸು ಉಳಿಯಿತು. ಅದೇ ನಮ್ಮಜ್ಜಿ.

ಇವತ್ತಿಗೂ ನಮ್ಮೂರಲ್ಲಿ ಕೂಸಿನ ಹೆಸರಿಗಾಗಿ ಬೀಗರು ಜಗಳಕ್ಕೆ ನಿಂತರೆ, ಯಾರಾದರೊಬ್ಬ ಮುದುಕಿ ಜಮಖಾನ ಹಾಸಿ ಕೂಸನ್ನು ಅದರ ಮೇಲೆ ಮಲಗಿಸುತ್ತಾಳೆ. ಇದರಲ್ಲಿ ನಿಮ್ಮದು ಯಾವುದು, ಅವರದು ಯಾವುದು, ಆರಿಸಿಕೊಳ್ಳಿರಿ ಅನ್ನುತ್ತಾಳೆ. ಅಷ್ಟರಲ್ಲಿ ಕೂಸು ಅಳುತ್ತದೆ. ಮೊದಲು ಜೋಗುಳ ಹಾಡುತ್ತೇವೆ. ಹೆಸರು ಆಮೇಲೆ.