ನಿಂತವರಿಗೆ ದಂಡ

ಕಾಡಿನ ಕೂಡುದಾರಿಯಲ್ಲಿ ಸಂಚಾರ ಕಾಯಲು ನರಿಯನ್ನು ನೇಮಿಸಿದ್ದರು. ಒಂದು ದಿನ ಕಾಡುಹಂದಿ ನುಗ್ಗಿ ಬಂದು, ದಾರಿ ದಾಟುತ್ತಿದ್ದ ಮೊಲವನ್ನು ಕೆಡವಿ, ತಿರುಗಿಯೂ ನೋಡದೆ ಓಡಿಹೋಯಿತು. ಹಿಂದೆಯೇ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಕತ್ತೆಯ ಕರುಳು ಚುರುಕ್ಕೆಂದಿತು. ಬರುವವರು ಮೊಲವನ್ನು ತುಳಿಯದಿರಲೆಂದು ಅದು ದಾರಿಯ ನಡುವೆಯೇ ಅಡ್ಡ ನಿಂತಿತು.

ನರಿ ಸೀಟಿ ಊದಿತು. "ನಡುದಾರಿಯಲ್ಲಿ ನಿಂತಿದ್ದೀಯೆ. ದಂಡ ಕಟ್ಟು."

"ಸ್ವಾಮಿ, ಗುದ್ದಿದ್ದು ಹಂದಿ. ನೀವೇ ನೋಡಿದಿರಲ್ಲ?"

"ನೋಡಿದೆ. ಓಡುವ ಹಂದಿಯನ್ನು ಅಡ್ಡಗಟ್ಟಿದರೆ ಅದರ ಕೋರೆ ನನ್ನ ಹೊಟ್ಟೆಗೇ. ನೀನಾದರೋ ಸುಮ್ಮನೆ ನಿಂತಿದ್ದೀಯೆ."

ನರಿ ದಂಡಕ್ಕೆಂದು ಹುಲ್ಲಿನ ಹೊರೆಯನ್ನೇ ಇಳಿಸಿಕೊಂಡಿತು. ಕತ್ತೆ ಮೊಲವನ್ನು ಪೊದೆಯ ಮರೆಗೆ ಸೇರಿಸಿ, ಬರಿಬೆನ್ನಿನಲ್ಲಿ ಮನೆಗೆ ಹೋಯಿತು. ಅಂದು ಅದರ ಮರಿ ಹಸಿದೇ ಮಲಗಿತು.

ಕೆಲವು ದಿನಗಳ ಮೇಲೆ ಅದೇ ಕೂಡುದಾರಿಯಲ್ಲಿ ಜಿಂಕೆಮರಿಯೊಂದು ಕಾಲು ಮುರಿದುಕೊಂಡು ಬಿದ್ದಿತ್ತು. "ಕತ್ತೆಯಣ್ಣಾ, ಒಂದು ಗಳಿಗೆ ನಿಲ್ಲು!" ಎಂದು ಅಂಗಲಾಚಿತು. ಕತ್ತೆಯ ಹೆಜ್ಜೆ ನಿಧಾನವಾಯಿತು. ಆಚೆ ಬದಿಯಲ್ಲಿ ನರಿ ಸೀಟಿಯನ್ನು ಬಾಯಿಗಿಟ್ಟುಕೊಂಡಿತು.

ಕತ್ತೆ ಕಣ್ಣು ಮುಚ್ಚಿಕೊಂಡು ಓಡಿತು. ನರಿ ಸೀಟಿ ಊದಲಿಲ್ಲ.